ಕೊಡಂಗಲ್ ಸೀಮೆ ಮತ್ತು ಆಟಿಸಂ: ಲಕ್ಷಣಗಳ ಪಟ್ಟಿ ಬೆಳೆದು ಬಂದ ಬಗೆ

ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ಭಿನ್ನತೆಗೆ ಆಟಿಸಂ ಎಂದು ಹೆಸರು. ಸರ್ಕಾರಿ ಕಾಗದಗಳಲ್ಲಿ ಇದೇ ಸ್ವಲೀನತೆ. ಹುಟ್ಟಿನಿಂದ ಜೊತೆಗಿರುತ್ತದೆ, ಸಾಮಾನ್ಯವಾಗಿ ಮೊದಲ ಮೂರು ವರ್ಷದೊಳಗೆ ಕಣ್ಣಿಗೆ ಬೀಳುತ್ತದೆ, ಬದುಕಿನುದ್ದಕ್ಕೂ ಉಳಿಯುತ್ತದೆ. ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಇದು ಸಿಕ್ಕುವುದಿಲ್ಲ. ಮಗು ಆಡುವುದನ್ನು ನೋಡಿ, ಆಡುವ ಮಾತನ್ನು ಕೇಳಿ, ಹೆತ್ತವರನ್ನು ವಿಚಾರಿಸಿ, ಲಕ್ಷಣಗಳ ಒಂದು ಪಟ್ಟಿಯೊಂದಿಗೆ ತಾಳೆ ಹಾಕಿ ನಿರ್ಧರಿಸಬೇಕು. ಆದ್ದರಿಂದ ಆಟಿಸಂನ ಇತಿಹಾಸ ಬಹುಮಟ್ಟಿಗೆ ಆ ಪಟ್ಟಿಯ ಇತಿಹಾಸವೇ ಆಗಿದೆ. ಯಾರು, ಎಲ್ಲಿ, ಯಾವ ಭಾಷೆಯ ಮಕ್ಕಳನ್ನು ನೋಡಿದರು ಎಂಬುದಕ್ಕೆ ತಕ್ಕಂತೆ ಪಟ್ಟಿ ಹಿಗ್ಗಿದೆ, ಕುಗ್ಗಿದೆ, ಒಮ್ಮೊಮ್ಮೆ ದಾರಿಯನ್ನೂ ತಪ್ಪಿದೆ.

ಪಟ್ಟಿ ಭಾಷೆಯನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಗಡಿ ಸೀಮೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆ ನಡೆದಾಗ ಗುಲಬರ್ಗಾ, ಬೀದರ ಜಿಲ್ಲೆಗಳ ಬಹುಭಾಗ ಮೈಸೂರಿಗೆ ಬಂತು, ಈ ನಾಲ್ಕು ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಕೊಡಂಗಲ್ ಮೊದಲು ಮಹಬೂಬನಗರ ಜಿಲ್ಲೆಯಲ್ಲಿದ್ದು, 2016ರಲ್ಲಿ ತಾಂಡೂರಿನ ಜೊತೆ ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಸೇರಿತು. ತಾಂಡೂರಿನ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿ ಮುಂದೆ ಸೇಡಂ ಸೀಮೆ ದಾಟಿ ಭೀಮೆಯನ್ನು ಕೂಡುತ್ತದೆ. ನೀರಿಗೆ ಇಲ್ಲದ ಗಡಿ ಮಾತಿಗೂ ಪೂರ್ತಿ ಇಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಎಂಬುದು ಇಲ್ಲಿನ ಎಷ್ಟೋ ಮನೆಗಳ ದಿನಚರಿ. ಇಂಥ ಕಡೆ ಮೂರು ವರ್ಷದ ಮಗುವಿಗೆ ಮಾತು ಬರಲಿಲ್ಲವೆಂದರೆ ಮೊದಲ ಗುಮಾನಿ ಭಾಷೆಗಳ ಮೇಲೆಯೇ ಹೋಗುತ್ತದೆ.

ಆಟಿಸಂ ಎಂಬ ಪದ ಹುಟ್ಟಿದ್ದು ಬೇರೆಯೇ ಸಂದರ್ಭದಲ್ಲಿ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1910ರ ಸುಮಾರಿಗೆ ಸ್ಕಿಜೋಫ್ರೇನಿಯಾದ ರೋಗಿಗಳು ಹೊರಲೋಕದ ಗೊಡವೆ ಬಿಟ್ಟು ಒಳಸರಿಯುವುದನ್ನು ಹೇಳಲು ಅದನ್ನು ಬಳಸಿದ. ಮಕ್ಕಳ ವಿಷಯಕ್ಕೆ ಬಂದರೆ, ಇಂದಿನ ವಿವರಣೆಗೆ ಅಚ್ಚರಿಯಾಗುವಷ್ಟು ಹತ್ತಿರದ ವರದಿಯನ್ನು ಮೊದಲು ಬರೆದವಳು ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ. 1925ರಲ್ಲಿ ರಷ್ಯನ್ನಿನಲ್ಲಿ, ಮರುವರ್ಷ ಜರ್ಮನ್ನಿನಲ್ಲಿ ಆರು ಹುಡುಗರ ಬಗ್ಗೆ ಆಕೆ ಬರೆದ ಲೇಖನವನ್ನು ಇಂಗ್ಲಿಷ್ ಲೋಕ ಓದಿಕೊಂಡದ್ದು ಎಷ್ಟೋ ದಶಕಗಳ ಮೇಲೆ. ಕೀರ್ತಿ ಹೋದದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಲಿಯೋ ಕ್ಯಾನರ್‌ಗೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1938ರಿಂದ ತಾನು ಕಂಡ ಹನ್ನೊಂದು ಮಕ್ಕಳ ಬಗ್ಗೆ ಆತ 1943ರಲ್ಲಿ ದೀರ್ಘ ಲೇಖನ ಪ್ರಕಟಿಸಿದ. ಅವರಲ್ಲಿ ಎಂಟು ಹುಡುಗರು, ಮೂವರು ಹುಡುಗಿಯರು.

ಕ್ಯಾನರ್ ಮಾಡಿದ ದೊಡ್ಡ ಕೆಲಸವೆಂದರೆ ಸಮಾಧಾನದಿಂದ ನೋಡಿದ್ದು. ಹಿಂದಿನವರು ಮಂಕು, ಕಿವುಡು, ಹುಚ್ಚು ಎಂದು ಬಿಟ್ಟುಬಿಟ್ಟಿದ್ದ ಮಕ್ಕಳಲ್ಲಿ ಆತ ಎರಡು ಸಂಗತಿಗಳನ್ನು ಹೆಕ್ಕಿದ: ಒಂಟಿಯಾಗಿರುವ ಒಲವು, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಹಟ. ಇವುಗಳ ಸುತ್ತ ಮಾತಿನ ವಿಚಿತ್ರಗಳು. ಕೆಲವು ಮಕ್ಕಳು ಮಾತೇ ಆಡುತ್ತಿರಲಿಲ್ಲ. ಆಡಿದವರು ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುತ್ತಿದ್ದರು, ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುತ್ತಿದ್ದರು, ಮಾತನ್ನು ಅಕ್ಷರಾರ್ಥದಲ್ಲೇ ಹಿಡಿಯುತ್ತಿದ್ದರು.

ಈ ಸರ್ವನಾಮದ ಅದಲುಬದಲು ಕನ್ನಡದಲ್ಲಿ ತುಸು ಬೇರೆ ವೇಷದಲ್ಲಿ ಬರುತ್ತದೆ. ಕನ್ನಡದ ಮಾತಿನಲ್ಲಿ ‘ನಾನು’, ‘ನೀನು’ ಅನೇಕ ಸಲ ಬಿಟ್ಟೇ ಹೋಗುತ್ತವೆ. ಯಾರು ಮಾಡುವವರು ಎಂಬುದನ್ನು ಕ್ರಿಯಾಪದದ ಕೊನೆ ಹೇಳುತ್ತದೆ. ಬಾಯಾರಿದ ಮಗು ‘ನೀರು ಕುಡಿತೀನಿ’ ಎನ್ನುವ ಬದಲು, ತಾಯಿ ದಿನಾ ಕೇಳುವ ‘ನೀರು ಕುಡಿತೀಯಾ?’ ಎಂಬುದನ್ನೇ, ಆಕೆಯದೇ ರಾಗದಲ್ಲಿ, ತಿರುಗಿ ಹೇಳುತ್ತದೆ. ಕೇಳುವವರಿಗೆ ಇದು ಅಣಕದಂತೆ ಕೇಳಿಸಬಹುದು. ಮಗುವಿನ ಮಟ್ಟಿಗೆ ಆ ಇಡೀ ಮಾತೇ ನೀರಿನ ಹೆಸರು. ಹೀಗೆ ಮರುನುಡಿಯುವುದನ್ನು ಬಹುಕಾಲ ಅರ್ಥವಿಲ್ಲದ ಗಿಳಿಪಾಠವೆಂದು ತಿಳಿದು ಬಿಡಿಸಲು ಹೆಣಗಿದರು. 1980ರ ದಶಕದಿಂದೀಚೆಗೆ ಅದು ಸಂವಹನದ ಒಂದು ಪ್ರಯತ್ನ, ಸ್ವಂತ ಮಾತಿನ ಕಡೆಗೆ ಒಂದು ಮೆಟ್ಟಿಲು ಎಂಬ ತಿಳಿವಳಿಕೆ ನೆಲೆಯಾಗಿದೆ. ನೆನ್ನೆಯ ಮಾತನ್ನೋ ಟಿವಿ ಜಾಹೀರಾತನ್ನೋ ಗಂಟೆಗಳ ಮೇಲೆ ಹೇಳುವುದೂ ಇದೇ ಬಗೆಯದು.

ಕ್ಯಾನರ್‌ನ ಪಟ್ಟಿಯಲ್ಲಿ ದೋಷಗಳೂ ಇದ್ದವು. ಆತ ಕಂಡ ಮಕ್ಕಳ ಹೆತ್ತವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಬಾಲ್ಟಿಮೋರ್‌ನ ಪ್ರಸಿದ್ಧ ವೈದ್ಯನವರೆಗೆ ಮಗುವನ್ನು ಕರೆದೊಯ್ಯಬಲ್ಲವರು ಅಂಥವರೇ ತಾನೆ. ಇದರಿಂದ ಆಟಿಸಂ ಓದಿದವರ ಮನೆಯದು ಎಂಬ ಭ್ರಮೆ ಹುಟ್ಟಿತು. ಆ ತಂದೆತಾಯಿಗಳಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆ ಎಂದು ಆತ ಬರೆದದ್ದು ಇನ್ನೂ ಕೆಟ್ಟ ಫಲ ಕೊಟ್ಟಿತು. ತಾಯಿಯ ಶೀತಲ ಸ್ವಭಾವದಿಂದ ಮಗು ಹೀಗಾಗುತ್ತದೆ ಎಂಬ ವಾದವನ್ನು ಬ್ರೂನೋ ಬೆಟಲ್‌ಹೈಮ್ 1967ರ ತನ್ನ ಪುಸ್ತಕದಿಂದ ಮನೆಮಾತು ಮಾಡಿದ. ಅದಕ್ಕೆ ಮೊದಲೇ, 1964ರಲ್ಲಿ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಅದು ಸುಳ್ಳೆಂದು ವಾದಿಸಿದ್ದ. ಆತನ ಮಗನಿಗೇ ಆಟಿಸಂ ಇತ್ತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ಏಕಾಂಡ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಸಾಮಾನ್ಯ ಅವಳಿಗಳ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆಟಿಸಂಗೆ ವಂಶವಾಹಿಗಳ ಬಲವಾದ ನಂಟು ಇದೆ ಎಂಬುದಕ್ಕೆ ಅಲ್ಲಿಂದ ಪುರಾವೆಗಳು ಸೇರುತ್ತಾ ಬಂದಿವೆ. ಪುರಾವೆ ಸಿಕ್ಕರೂ ತಾಯಂದಿರ ಮೇಲಿನ ಆರೋಪ ಸುಲಭಕ್ಕೆ ಹೋಗಲಿಲ್ಲ. ಬಸುರಿಯಿದ್ದಾಗ ಏನು ತಿಂದಳು, ಗ್ರಹಣ ನೋಡಿದಳೇ, ಮಗುವನ್ನು ಬಿಟ್ಟು ಕೂಲಿಗೆ ಹೋದಳೇ ಎಂಬ ಪ್ರಶ್ನೆಗಳ ರೂಪದಲ್ಲಿ ಅದೇ ಆರೋಪ ಹಳ್ಳಿಗಳಲ್ಲೂ ಜೀವಂತವಾಗಿದೆ. ಅದಕ್ಕೆ ಬೆಟಲ್‌ಹೈಮ್‌ನನ್ನು ಓದಬೇಕಾಗಿರಲಿಲ್ಲ.

ಕ್ಯಾನರ್‌ನ ಮೊದಲ ಪ್ರಕರಣದ ಹುಡುಗ, ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್, ಮುಂದೆ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶ ಸುತ್ತಿ 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಊರು ಅವನನ್ನು ಅವನಿದ್ದ ಹಾಗೇ ಸೇರಿಸಿಕೊಂಡಿತ್ತು ಎಂಬುದನ್ನು ಅವನ ಬಗ್ಗೆ ಬರೆದವರೆಲ್ಲ ಗಮನಿಸಿದ್ದಾರೆ.

1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದದ್ದು ನಾಲ್ವರು ಹುಡುಗರ ಬಗ್ಗೆ. ಇವರಿಗೆ ಮಾತು ಧಾರಾಳವಾಗಿತ್ತು; ಕೊರತೆಯಿದ್ದದ್ದು ಎದುರಿನವರ ಮನಸ್ಸು ಅರಿತು ಮಾತಾಡುವುದರಲ್ಲಿ. ತಮಗೆ ಹಿಡಿಸಿದ ಒಂದು ವಿಷಯ ಎತ್ತಿಕೊಂಡರೆ ಕೇಳುವವರು ಎದ್ದು ಹೋದರೂ ಅವರಿಗೆ ಅರಿವಾಗುತ್ತಿರಲಿಲ್ಲ. ಆಸ್ಪರ್ಗರ್‌ನ ಹೆಸರಿನಲ್ಲೇ ಒಂದು ಸಿಂಡ್ರೋಮ್ ಬಹುಕಾಲ ಚಾಲ್ತಿಯಲ್ಲಿತ್ತು. ಆತ ಕೆಲವು ಮಕ್ಕಳನ್ನು ನಾಜಿಗಳು ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಸ್ಪೀಗಲ್‌ಗ್ರುಂಡ್ ಸಂಸ್ಥೆಗೆ ಕಳಿಸಿದ್ದನೆಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಹೊರಬಂದ ಮೇಲೆ ಆ ಹೆಸರನ್ನು ಬಳಸಲು ಅನೇಕರು ಹಿಂಜರಿಯುತ್ತಾರೆ.

ಪಟ್ಟಿಗೆ ಈಗಿನ ಆಕಾರ ಕೊಟ್ಟವಳು ಲಂಡನ್ನಿನ ಲೋರ್ನಾ ವಿಂಗ್. ಆಕೆಯೂ ಆಟಿಸಂ ಇದ್ದ ಮಗಳ ತಾಯಿ. ಜುಡಿತ್ ಗೌಲ್ಡ್ ಜೊತೆ ಸೇರಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಪರಿಶೀಲಿಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಕೆ ಮೂರು ಕೊರತೆಗಳು ಜೊತೆಜೊತೆಗೆ ಬರುತ್ತವೆ ಎಂದು ತೋರಿಸಿದಳು: ಜನರೊಂದಿಗಿನ ಒಡನಾಟ, ಸಂವಹನ, ಕಲ್ಪನೆ. ಆಸ್ಪತ್ರೆಗೆ ಬಂದವರನ್ನು ಕಾಯದೆ, ಒಂದು ಪ್ರದೇಶದಲ್ಲಿ ವಿಶೇಷ ನೆರವು ಬೇಕಾಗಿದ್ದ ಮಕ್ಕಳನ್ನು ಹುಡುಕಿ ನೋಡಿದ್ದರಿಂದ ಬಡವರ ಮಕ್ಕಳು, ಬುದ್ಧಿಮಾಂದ್ಯವೆಂದು ಬದಿಗಿಟ್ಟ ಮಕ್ಕಳು ಲೆಕ್ಕಕ್ಕೆ ಬಂದರು. 1966ರಲ್ಲಿ ವಿಕ್ಟರ್ ಲಾಟರ್ 10,000ಕ್ಕೆ 4.5 ಎಂದು ಎಣಿಸಿದ್ದ ಸಂಖ್ಯೆ ವಿಂಗ್ ಕೈಯಲ್ಲಿ ಹಲವು ಪಟ್ಟು ಏರಿತು. ಮಕ್ಕಳು ಹಿಂದೆಯೂ ಇದ್ದರು. ಹುಡುಕಿದ ರೀತಿ ಬದಲಾಗಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಸುಮಾರು ನೂರು ಜನರಿಗೆ ಒಬ್ಬರ ಆಸುಪಾಸಿನ ಅಂದಾಜು ಕೊಡುತ್ತದೆ.

ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯಲ್ಲಿ ಆಟಿಸಂ ಸ್ವತಂತ್ರ ಹೆಸರು ಪಡೆದದ್ದು 1980ರಲ್ಲಿ. 2013ರ ಐದನೆಯ ಆವೃತ್ತಿ ವಿಂಗ್‌ಳ ಮೂರನ್ನು ಎರಡಾಗಿ ಕಟ್ಟಿತು, ಆಸ್ಪರ್ಗರ್ ಸಿಂಡ್ರೋಮ್ ಮುಂತಾದ ಬಿಡಿ ಹೆಸರುಗಳನ್ನು ತೆಗೆದು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನಡಿ ತಂದಿತು. ಈಗಿನ ತಿಳಿವಳಿಕೆಯ ಬುಡದಲ್ಲಿ ಇರುವುದು ಈ ಎರಡು ಗುಂಪುಗಳೇ.

ಮೊದಲನೆಯದು ಸಾಮಾಜಿಕ ಸಂವಹನ. ಗಡಿನಾಡಿನ ತಾಯಂದಿರ ಬಾಯಲ್ಲಿ ಇದು ‘ಕರದ್ರ ತಿರಗಿ ನೋಡಂಗಿಲ್ಲ’ ಎಂಬ ದೂರಾಗಿ ಬರುತ್ತದೆ. ಒಂದು ವರ್ಷದ ಮಗು ಸಾಮಾನ್ಯವಾಗಿ ತನ್ನ ಹೆಸರಿಗೆ ಓಗೊಡುತ್ತದೆ, ಚಂದಮಾಮನನ್ನು ಬೆರಳಿನಿಂದ ತೋರಿಸಿ ತಾಯಿಯೂ ನೋಡಿದಳೇ ಎಂದು ಅವಳ ಮುಖ ನೋಡುತ್ತದೆ. ನೋಡಿದ್ದನ್ನು ಹಂಚಿಕೊಳ್ಳುವ ಈ ಬೆರಳು ಆಟಿಸಂ ಇರುವ ಅನೇಕ ಮಕ್ಕಳಲ್ಲಿ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಬೆಲ್ಲದ ಡಬ್ಬಿ ಬೇಕಾದರೆ ಮಗು ಬೆರಳು ತೋರದೆ, ಮುಖವನ್ನೂ ನೋಡದೆ, ದೊಡ್ಡವರ ಕೈ ಹಿಡಿದು ಎಳೆದೊಯ್ದು ಡಬ್ಬಿಯ ಮೇಲೆ ಇಡುತ್ತದೆ. ಕಿವಿ ಕೇಳುತ್ತಿಲ್ಲವೇನೋ ಎಂಬ ಅನುಮಾನ ಇಲ್ಲಿಯೇ ಏಳುತ್ತದೆ. ಆದರೆ ಅದೇ ಮಗು ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆದ ಸಪ್ಪಳಕ್ಕೆ ಓಡಿ ಬರುತ್ತದೆ. ಮಣ್ಣಿನಲ್ಲಿ ಅಡುಗೆಯಾಟ, ಗೊಂಬೆ ಮದುವೆ ಇವುಗಳಲ್ಲಿ ಅದು ಸೇರುವುದು ಅಪರೂಪ. ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಕ್ಕಳಲ್ಲಿ ಬಂದಿದ್ದ ನಾಲ್ಕಾರು ಮಾತುಗಳು ಒಂದೂವರೆ-ಎರಡು ವರ್ಷದ ಹೊತ್ತಿಗೆ ಹೋಗಿಬಿಡುತ್ತವೆ. ಲಸಿಕೆಗಳನ್ನು ಹಾಕಿಸುವ ಕಾಲವೂ ಅದೇ ಆದ್ದರಿಂದ ಎರಡಕ್ಕೂ ಗಂಟು ಹಾಕಿದವರಿದ್ದಾರೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಹಾಗೆ ಸೂಚಿಸಿದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ.

ಎರಡನೆಯದು ಪುನರಾವರ್ತನೆ ಮತ್ತು ಇಂದ್ರಿಯಗಳ ಭಿನ್ನತೆ. ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುವುದು, ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸುತ್ತಾ ಕೂರುವುದು, ಕೈ ಬಡಿಯುವುದು, ತೂಗಾಡುವುದು, ಶಾಲೆಗೆ ದಿನಾ ಹೋಗುವ ಓಣಿ ಬಿಟ್ಟು ಬೇರೆ ಓಣಿ ಹಿಡಿದರೆ ರಸ್ತೆಯಲ್ಲೇ ಬಿದ್ದು ಹೊರಳಾಡುವುದು, ಜೋಳದ ರೊಟ್ಟಿಯ ಅಂಚು ಮುರಿದಿದ್ದರೆ ಮುಟ್ಟದಿರುವುದು. ಹೊರಗಿನವರಿಗೆ ಇದು ಮೊಂಡುತನ. ಇಂದ್ರಿಯಗಳ ವಿಷಯ ಅಮೆರಿಕದ ಕೈಪಿಡಿಯ ಲಕ್ಷಣಪಟ್ಟಿಗೆ ಸೇರಿದ್ದು 2013ರಲ್ಲಿ, ಬಹಳ ತಡವಾಗಿ. ಬೇರೆಯವರು ಗಮನಿಸದ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಕೆಲವರಿಗೆ ಸಹಿಸಲಾಗದ ಗದ್ದಲ. ಇನ್ನು ಕೆಲವರು ಕಾಲಿಗೆ ಗಾಜು ಚುಚ್ಚಿದರೂ ಅಳುವುದಿಲ್ಲ. ಕೊಡಂಗಲ್‌ನ ವೆಂಕಟೇಶ್ವರ ದೇವಸ್ಥಾನದ ಬ್ರಹ್ಮೋತ್ಸವದ ಜನಜಂಗುಳಿ, ಮೊಹರಂ ಹಲಗೆಗಳು, ತಾಂಡೂರಿನ ಕಲ್ಲು ಪಾಲಿಷ್ ಯಂತ್ರಗಳ ಸದ್ದು ಇವೆಲ್ಲ ಇಂಥ ಮಗುವಿಗೆ ಮೈಮೇಲೆ ಬಂದು ಬಿದ್ದಂತೆ. ಕಿವಿ ಮುಚ್ಚಿಕೊಂಡು ಕಿರುಚುವ ಮಗುವಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವುದು, ದರ್ಗಾಕ್ಕೆ ಕರೆದೊಯ್ಯುವುದು ಈ ಸೀಮೆಯಲ್ಲಿ ಹೊಸತಲ್ಲ. ಅದರಿಂದ ಕೇಡಾಗುವುದು, ಹರಕೆ ತೀರಲಿ ಎಂದು ಕಾಯುತ್ತಾ ಮೊದಲ ಐದು ವರ್ಷಗಳು ಕಳೆದುಹೋದಾಗ.

ಒಂದೇ ಪಟ್ಟಿಯಡಿ ಬಂದರೂ ಇಬ್ಬರು ಒಂದೇ ಥರ ಇರುವುದಿಲ್ಲ. ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಬೌದ್ಧಿಕ ಬೆಳವಣಿಗೆಯ ಕೊರತೆಯೂ ಇರುತ್ತದೆ, ಉಳಿದವರಲ್ಲಿ ಇರುವುದಿಲ್ಲ. ಕೆಲವರಿಗೆ ಮೂರ್ಛೆರೋಗ ಜೊತೆಗೂಡುತ್ತದೆ. 1988ರ ರೇನ್ ಮ್ಯಾನ್ ಚಿತ್ರದಿಂದೀಚೆಗೆ ಆಟಿಸಂ ಎಂದರೆ ಅದ್ಭುತ ಲೆಕ್ಕದ ಶಕ್ತಿ ಎಂದು ನಂಬಿದವರಿದ್ದಾರೆ; ಅಂಥ ಪ್ರತಿಭೆ ಇರುವವರು ಕಡಿಮೆ ಜನ. ಪತ್ತೆಯಾಗುವವರಲ್ಲಿ ಹುಡುಗಿಯರಿಗಿಂತ ಹುಡುಗರು ಮೂರು-ನಾಲ್ಕು ಪಟ್ಟು. ಈ ಅಂತರದ ಒಂದು ಭಾಗ ಪಟ್ಟಿಯ ದೋಷದಿಂದಲೇ ಆದದ್ದು ಎಂಬ ವಾದ ಬಲವಾಗಿದೆ: ಪಟ್ಟಿ ಬೆಳೆದದ್ದು ಹೆಚ್ಚಾಗಿ ಹುಡುಗರನ್ನು ನೋಡಿ, ಮೇಲಾಗಿ ಅನೇಕ ಹುಡುಗಿಯರು ಇತರರನ್ನು ನೋಡಿ ಅನುಕರಿಸಿ ತಮ್ಮ ಕಷ್ಟವನ್ನು ಮರೆಮಾಡಲು ಕಲಿತಿರುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕೂತ ಹುಡುಗಿಯನ್ನು ‘ಭಾಳ ಶಾಂತ’ ಎಂದು ಹೊಗಳುವ ಊರಿನಲ್ಲಿ ಅವಳನ್ನು ವೈದ್ಯರಿಗೆ ತೋರಿಸಬೇಕೆಂದು ಯಾರಿಗೆ ತೋಚೀತು?

ಭಾರತದಲ್ಲಿ ಇಂಥ ಮಕ್ಕಳ ಬಗ್ಗೆ ಬರಹಗಳು ಬೇಗನೆ ಆರಂಭವಾದವು. ವಿಯೆನ್ನಾದಿಂದ ಬಂದು ಡಾರ್ಜಿಲಿಂಗ್‌ನಲ್ಲಿದ್ದ ಮಕ್ಕಳ ವೈದ್ಯ ಎ. ರೊನಾಲ್ಡ್ 1944ರಲ್ಲೇ ಬರೆದದ್ದನ್ನು ಈ ಸಾಲಿನ ಮೊದಲನೆಯದೆಂದು ಎಣಿಸುತ್ತಾರೆ. ಆದರೆ ದಖ್ಖನಿನ ಹಳ್ಳಿಗಳಿಗೆ ಇದಾವುದೂ ಮುಟ್ಟಲಿಲ್ಲ. ನಿಜಾಮರ ಕಾಲದಲ್ಲಿ ಸಂಸ್ಥಾನದ ಮಾನಸಿಕ ಆಸ್ಪತ್ರೆ ಇದ್ದದ್ದು ದೂರದ ಜಾಲ್ನಾದಲ್ಲಿ. ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಬಂದದ್ದು 1950ರ ದಶಕದಲ್ಲಿ. ಅಲ್ಲಿಗೆ ಹೋಗುತ್ತಿದ್ದವರು ಬೆಳೆದವರು. ಸಂಸ್ಥಾನದಲ್ಲಿ ಆಡಳಿತದ, ಮೇಲಿನ ತರಗತಿಗಳ ಭಾಷೆ ಉರ್ದು. ಮಾತು ಬಾರದ ಕನ್ನಡದ ಮಗು ಶಾಲೆಯ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇರಲಿಲ್ಲ. ಹೊಲದಲ್ಲೋ ಕುರಿಗಳ ಹಿಂದೆಯೋ ಅದು ಬೆಳೆಯುತ್ತಿತ್ತು. ಒಂದೇ ಕೆಲಸ, ಒಂದೇ ದಾರಿ, ಕಡಿಮೆ ಮಾತು ಇರುವ ಅಂಥ ಬದುಕು ಕೆಲವರಿಗೆ ಒಗ್ಗಿಯೂ ಇದ್ದೀತು. ಕೈಕಾಲು ಕಟ್ಟಿ ಮನೆಯೊಳಗೆ ಕೂಡಿಹಾಕಿದ ಕತೆಗಳೂ ಹಳ್ಳಿಗಳಲ್ಲಿ ಕೇಳಿಬರುತ್ತವೆ.

ಕನ್ನಡದ ಮಕ್ಕಳನ್ನು ಅಳೆಯುವ ಮೊದಲ ಗಟ್ಟಿ ಸಾಧನ ಬಂದದ್ದು ಮುಂಬಯಿ ಪ್ರಾಂತದಿಂದ. ವಿ.ವಿ. ಕಾಮತ್ ಫ್ರಾನ್ಸಿನ ಬಿನೆ ಬುದ್ಧಿ ಪರೀಕ್ಷೆಯನ್ನು 1934ರಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ ನಡೆಯಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಆಟಿಸಂ ಇರುವ ಮಗುವಿಗೆ ಮಾತ್ರ ಅದರಿಂದ ನ್ಯಾಯ ಸಿಗುವುದು ಕಷ್ಟ: ಪ್ರಶ್ನೆಗಳಲ್ಲಿ ಬಹುಪಾಲು ಮಾತಿನವು, ಎದುರಿಗೆ ಕೂತವರು ಕೇಳಿದ್ದಕ್ಕೆ ಉತ್ತರಿಸಬೇಕೆಂಬ ಸಾಮಾಜಿಕ ಒಪ್ಪಂದವೇ ಅದರ ತಳಹದಿ. ಉತ್ತರ ಕೊಡದ ಮಗುವಿನ ಅಂಕ ಕೆಳಗಿಳಿಯುತ್ತದೆ, ಬುದ್ಧಿಮಾಂದ್ಯ ಎಂಬ ಷರಾ ಬೀಳುತ್ತದೆ. 1980, 90ರ ದಶಕಗಳವರೆಗೂ ದಖ್ಖನಿನ ಎಷ್ಟೋ ಮಕ್ಕಳ ಕಡತಗಳಲ್ಲಿ ಆಟಿಸಂ ಹೀಗೆ ಬೇರೊಂದು ಹೆಸರಿನಡಿ ಹುದುಗಿಹೋಗಿರಬೇಕು.

ಕನ್ನಡ ನಾಡಿನಲ್ಲಿ ಎರಡು ಸಂಸ್ಥೆಗಳು ಚಿತ್ರವನ್ನು ಬದಲಿಸಿದವು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು; ಮಕ್ಕಳ ಮನೋವೈದ್ಯಕ್ಕೆ ಅದು ದಕ್ಷಿಣದಲ್ಲೇ ಪ್ರಮುಖ ಕೇಂದ್ರವಾಯಿತು. ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮಾತು ಬಾರದ ಮಗುವನ್ನು ಹೆತ್ತವರು ಮನೋವೈದ್ಯರ ಹತ್ತಿರ ಒಯ್ಯಲು ಅಂಜುತ್ತಾರೆ, ಕಿವಿ ಪರೀಕ್ಷೆಗೆ ಅಂಜುವುದಿಲ್ಲ. ಆದ್ದರಿಂದ ಆಟಿಸಂ ಪತ್ತೆಯಾಗುವಲ್ಲಿ ವಾಕ್ ಶ್ರವಣ ತಜ್ಞರ ಪಾತ್ರ ಕರ್ನಾಟಕದಲ್ಲಿ ತುಂಬಾ ದೊಡ್ಡದು. ಬೆಂಗಳೂರಿನಲ್ಲಿ 1995ರಲ್ಲಿ ಆಟಿಸಂಗಾಗಿಯೇ ‘ಆಶಾ’ ಎಂಬ ಸಂಸ್ಥೆ ಹುಟ್ಟಿತು. 2000ದ ಸುಮಾರಿಗೆ ಪ್ರತಿಭಾ ಕಾರಂತ್ ಕಮ್ಯುನಿಕೇಶನ್ ಡೀಲ್ ಎಂಬ ಕಾರ್ಯಕ್ರಮ ಆರಂಭಿಸಿದರು. ಆರು ವರ್ಷದೊಳಗಿನ ಮಕ್ಕಳಿಗೆ ಗುಂಪಿನಲ್ಲಿ ತರಬೇತಿ, ತಾಯಿಯೂ ಜೊತೆಗೆ ಕೂತು ಕಲಿಯುವುದು ಅದರ ವಿಶೇಷ.

ಹೆತ್ತವರ ಕಣ್ಣಿಗೆ ಮೊದಲು ಬೀಳುವುದು ಏನು ಎಂಬುದೂ ಊರಿಂದ ಊರಿಗೆ ಬೇರೆಯಾಗುತ್ತದೆ. ಸಂಶೋಧಕಿ ಟಮಾರಾ ಡೇಲಿ ಬೆಂಗಳೂರು ಸೇರಿ ನಾಲ್ಕು ಮಹಾನಗರಗಳ ಕುಟುಂಬಗಳನ್ನು ಮಾತಾಡಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ತಂದೆತಾಯಿಗಳು ಮಾತು ತಡವಾದದ್ದಕ್ಕಿಂತ ಮಗು ಜನರೊಂದಿಗೆ ಬೆರೆಯದಿರುವುದನ್ನು ಮೊದಲು ಗಮನಿಸುತ್ತಿದ್ದರು. ಗಂಡುಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ಅವರಪ್ಪನೂ ಹಾಗೇ ಇದ್ದ ಎಂಬ ಸಮಾಧಾನ ನಮ್ಮಲ್ಲಿ ಸಿದ್ಧವಾಗಿರುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಯಾರ ತೊಡೆಯನ್ನೂ ಏರದ ಮಗು ಮಾತ್ರ ಬೇಗ ಎದ್ದು ಕಾಣುತ್ತದೆ.

ಕೊಡಂಗಲ್ ಸೀಮೆಗೆ ಹತ್ತಿರವಾದದ್ದು ಬೆಂಗಳೂರಲ್ಲ, ಸಿಕಂದರಾಬಾದ್. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ತಾಂಡೂರಿನ ಮೇಲೆ ಹೈದರಾಬಾದಿಗೆ ಹೋದಂದಿನಿಂದ ಇಲ್ಲಿನವರ ಆಸ್ಪತ್ರೆಯ ದಾರಿ ಬಹುಮಟ್ಟಿಗೆ ಅದೇ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯನ್ನು ತೆರೆಯಿತು. ದೇಶಕ್ಕೆಲ್ಲ ಅನ್ವಯಿಸುವ ಆಟಿಸಂ ಅಳತೆಗೋಲು ಸಿದ್ಧವಾದದ್ದು ಇಲ್ಲಿಯೇ, 2009ರಲ್ಲಿ.

ಅದಕ್ಕೊಂದು ಕಾನೂನಿನ ಹಿನ್ನೆಲೆಯಿದೆ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಆಟಿಸಂ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆ ಹೆಸರು ಬಂತು. ಆದರೆ ಪ್ರಮಾಣಪತ್ರ ಕೊಡಬೇಕಾದ ವೈದ್ಯರಿಗೆ ಎಷ್ಟು ಶೇಕಡಾ ಎಂದು ಬರೆಯಲು ಮಾನದಂಡವಿರಲಿಲ್ಲ. ಬುದ್ಧಿಮಾಂದ್ಯ ಎಂದು ಬರೆಸಿಕೊಂಡರೆ ಪಿಂಚಣಿ, ಪಾಸು; ಆಟಿಸಂ ಎಂದೇ ಬರೆಸಬೇಕೆಂದರೆ ಬರಿಗೈ. ಸಿಕಂದರಾಬಾದಿನ ಅಳತೆಗೋಲು ಈ ಕೊರತೆ ತುಂಬಲು ಬಂದದ್ದು. ಅದರಲ್ಲಿ 40 ಅಂಶಗಳು, ಆರು ವಿಭಾಗಗಳು: ಸಾಮಾಜಿಕ ಸಂಬಂಧ, ಭಾವನೆ, ಮಾತು ಮತ್ತು ಸಂವಹನ, ವರ್ತನೆ, ಇಂದ್ರಿಯ, ಗ್ರಹಿಕೆ. ಪ್ರತಿ ಅಂಶಕ್ಕೆ ಒಂದರಿಂದ ಐದು ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಮಾತಿನ ವಿಭಾಗದಲ್ಲಿ ಮರುನುಡಿ, ಸರ್ವನಾಮದ ಅದಲುಬದಲು ಎರಡೂ ಇವೆ; 1943ರಲ್ಲಿ ಬಾಲ್ಟಿಮೋರ್‌ನಲ್ಲಿ ಗುರುತಿಸಿದ್ದು ಹೀಗೆ ದಖ್ಖನಿನ ಸರ್ಕಾರಿ ನಮೂನೆಯೊಳಗೆ ಬಂದು ಕೂತಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರಕ್ಕೆ ಇದನ್ನೇ ಬಳಸಬೇಕೆಂದು ಅಧಿಸೂಚಿಸಿತು. ಅದೇ ವರ್ಷದ ಕೊನೆಯಲ್ಲಿ ಬಂದ ಹೊಸ ಕಾಯ್ದೆ 21 ವೈಕಲ್ಯಗಳನ್ನು ಗುರುತಿಸಿತು, ಆಟಿಸಂ ಅವುಗಳಲ್ಲಿ ಒಂದು.

ಆ ನಮೂನೆಯ ಮೊದಲ ಅಂಶ ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು. ಇದನ್ನು ಹಳ್ಳಿಯಲ್ಲಿ ಎಚ್ಚರದಿಂದ ಅಳೆಯಬೇಕು. ದೊಡ್ಡವರೆದುರು, ಅದರಲ್ಲೂ ಪಟ್ಟಣದಿಂದ ಬಂದ ಡಾಕ್ಟರೆದುರು, ತಲೆ ತಗ್ಗಿಸುವುದು ಇಲ್ಲಿನ ಮರ್ಯಾದೆ. ಆ ನಾಚಿಕೆಯ ಮಗು ತನ್ನ ಅಮ್ಮನ ಮುಖವನ್ನಾದರೂ ನೋಡುತ್ತದೆ. ಆದ್ದರಿಂದ ಪರೀಕ್ಷಿಸುವವರು ನೋಡಬೇಕಾದದ್ದು ಮಗು ತಮ್ಮನ್ನು ನೋಡಿತೇ ಎಂಬುದನ್ನಲ್ಲ, ಮನೆಯವರನ್ನು ಹೇಗೆ ನೋಡುತ್ತದೆ ಎಂಬುದನ್ನು. ಮಾತಿನ ಅಂಶಗಳಿಗೂ ಇದೇ ಎಚ್ಚರ ಬೇಕು. ಮನೆಯಲ್ಲಿ ಕನ್ನಡ ಕೇಳುವ ಮಗುವನ್ನು ತೆಲುಗಿನಲ್ಲಷ್ಟೇ ಪ್ರಶ್ನಿಸಿದರೆ ಅದು ಅರ್ಥವಾಗದೆ ಸುಮ್ಮನಾಯಿತೋ, ಆಟಿಸಂನಿಂದ ಸುಮ್ಮನಾಯಿತೋ ತಿಳಿಯುವುದಿಲ್ಲ. ತಾಯಿಗೆ ಕೇಳುವ ಪ್ರಶ್ನೆಗಳೂ ಅವಳ ಭಾಷೆಯಲ್ಲಿ ಇರಬೇಕಾಗುತ್ತದೆ.

ಇದಕ್ಕೆ ಅಂಟಿಕೊಂಡೇ ಇರುವ ತಪ್ಪು ಸಲಹೆಯೊಂದಿದೆ: ಮಗುವಿಗೆ ಗೊಂದಲವಾಗುತ್ತಿದೆ, ಮನೆಮಾತು ಬಿಟ್ಟು ಶಾಲೆಯ ಭಾಷೆಯೊಂದನ್ನೇ ಆಡಿ ಎಂಬುದು. ಎರಡು ಭಾಷೆಗಳ ನಡುವೆ ಬೆಳೆದ, ಆಟಿಸಂ ಇರುವ ಮಕ್ಕಳನ್ನು ಹಲವು ದೇಶಗಳಲ್ಲಿ ಅಧ್ಯಯನ ಮಾಡಿದವರಿಗೆ ಅದರಿಂದ ಮಾತು ಹಿಂದೆ ಬಿದ್ದದ್ದು ಕಂಡಿಲ್ಲ. ಬಹುಭಾಷೆ ಆಟಿಸಂ ತರುವುದೂ ಇಲ್ಲ, ಹೆಚ್ಚಿಸುವುದೂ ಇಲ್ಲ. ತೆಲುಗು ಸರಿಯಾಗಿ ಬಾರದ ತಾಯಿ ಅರೆಬರೆ ತೆಲುಗಿನಲ್ಲಿ ಮಾತಾಡಲು ಹೊರಟರೆ ಮಗು ಕಳೆದುಕೊಳ್ಳುವುದು ಅವಳ ಜೋಗುಳ, ಬೈಗುಳ, ಮುದ್ದು ಎಲ್ಲವನ್ನೂ. ಅಜ್ಜಿಯ ಜೊತೆಗಿನ ಒಡನಾಟವೂ ಅದರ ಹಿಂದೆಯೇ ಹೋಗುತ್ತದೆ. ಒಡನಾಟವೇ ಕಷ್ಟವಾದ ಮಗುವಿಗೆ ಇದು ದೊಡ್ಡ ನಷ್ಟ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ನೋಡಬೇಕಾದ 30 ತೊಂದರೆಗಳಲ್ಲಿ ಆಟಿಸಂ ಸೇರಿದೆ. ಅನುಮಾನ ಬಂದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು. ಬೇಗ ಗುರುತಿಸುವುದರ ಲಾಭ ದೊಡ್ಡದು. ಆಟಿಸಂಗೆ ಔಷಧವಿಲ್ಲ; ವಾಕ್ ತರಬೇತಿ, ಚಿತ್ರಗಳ ಮೂಲಕ ಬೇಕಾದದ್ದನ್ನು ಕೇಳುವ ಅಭ್ಯಾಸ, ದಿನಚರಿಯನ್ನು ಮುಂಚಿತವಾಗಿ ತೋರಿಸುವುದು, ಆಟದ ಮೂಲಕ ಸರದಿ ಕಲಿಸುವುದು ಇವೇ ದಾರಿ, ಮತ್ತು ಇವುಗಳಲ್ಲಿ ಬಹುಪಾಲನ್ನು ತರಬೇತಿ ಸಿಕ್ಕರೆ ಮನೆಯವರೇ ಮಾಡಬಲ್ಲರು. ವಾರಕ್ಕೆರಡು ಸಲ ಕೂಲಿ ಬಿಟ್ಟು ಪಟ್ಟಣದ ಥೆರಪಿಗೆ ಹೋಗಲಾಗದ ಮನೆಗಳಿಗೆ ಇದು ಮುಖ್ಯ.

ಅಂಕ ಹಾಕಿ ಸಿಕ್ಕ ಪ್ರಮಾಣಪತ್ರ 2016ರ ಕಾಯ್ದೆಯ ಪ್ರಕಾರ ದೇಶದೆಲ್ಲೆಡೆ ನಡೆಯುತ್ತದೆ. ವಿಕಾರಾಬಾದಿನಲ್ಲಿ ಕೊಟ್ಟದ್ದನ್ನು ಕಲಬುರಗಿಯಲ್ಲೂ ಒಪ್ಪಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಡಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೂ ಗಡಿಯ ತಡೆಯಿಲ್ಲ. ಮಾಸಿಕ ಪಿಂಚಣಿ ಮಾತ್ರ ಆಯಾ ರಾಜ್ಯದ್ದು. ತೆಲಂಗಾಣ ಅದನ್ನು 2023ರಲ್ಲಿ 4,016 ರೂಪಾಯಿಗೆ ಏರಿಸಿತು. ಗಡಿಯಾಚೆಯ ಸೇಡಂ, ಚಿಂಚೋಳಿಯ ಮಕ್ಕಳಿಗೆ ಸಿಗುವುದು ಕರ್ನಾಟಕ ಗೊತ್ತುಪಡಿಸಿದ ಮೊತ್ತ.